ಹಲಗೆಯ ಬಸವ, ಕಾಗದದ ಬಸವ

ನಮ್ಮ ಚಾಮರಾಜಪೇಟೆಯ ಮನೆಯಲ್ಲಿ ದೇವರಮನೆ ಅಡುಗೆಮನೆಯ ಎಡಕ್ಕಿತ್ತು ಎಂದು ನಾನು ಹೇಳುತ್ತೇನೆ, ಬಲಕ್ಕಿತ್ತು ಎಂದು ನನ್ನ ತಂಗಿ ಸರೋಜ ಹೇಳುತ್ತಾಳೆ. ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಟೈಲ್ಸ್ ಮಾರುವ ಮಳಿಗೆಯೊಂದಿದೆ. ಒಮ್ಮೆ ಗಿರಾಕಿಯ ಹಾಗೆ ಒಳಗೆ ಹೋಗಿ, ಬೀದಿಯ ಬಾಗಿಲು ಇಲ್ಲಿ, ನಡುಮನೆ ಇಲ್ಲಿ, ಬಚ್ಚಲು ಅಲ್ಲಿ ಎಂದು ಮನಸ್ಸಿನಲ್ಲೇ ಗೆರೆ ಎಳೆಯಲು ನೋಡಿದೆ. ಅಂಗಡಿಯ ಹುಡುಗಿ ಹತ್ತಿರ ಬಂದು ಅಡುಗೆಮನೆಗೋ ಬಾತ್‌ರೂಮಿಗೋ ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದು ಹೇಳಿ ಹೊರಗೆ ಬಂದೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು, ಆಮೇಲೆ ಕಾಲೇಜಿನಲ್ಲಿ ಅದನ್ನೇ ಕಲಿಸಿದವನು. ಆಧಾರವಿಲ್ಲದೆ ಬಾಯಿ ತೆರೆಯಬೇಡಿ ಎಂದು ವಿದ್ಯಾರ್ಥಿಗಳನ್ನು ಗದರಿಸುತ್ತಿದ್ದೆ. ನನ್ನ ಸ್ವಂತ ಬಾಲ್ಯದ ವಿಷಯಕ್ಕೆ ಬಂದರೆ ಒಂದು ಬಾಗಿಲು ಯಾವ ಕಡೆಗಿತ್ತು ಎಂಬುದಕ್ಕೂ ನನ್ನಲ್ಲಿ ಆಧಾರವಿಲ್ಲ. ಸರೋಜ ಹೇಳುವ ಮನೆಯಲ್ಲಿ ಎಲ್ಲವೂ ಇದೆ, ಆದರೆ ನನ್ನ ಮನೆಯ ಎಡದಲ್ಲಿರುವುದು ಅವಳ ಮನೆಯ ಬಲದಲ್ಲಿದೆ. ಇದು ಮುದಿತನದ ಮರೆವಲ್ಲ, ನಮ್ಮಪ್ಪನ ಕೆಲಸದ ಫಲ ಎಂಬುದು ನನ್ನ ಬಹುಕಾಲದ ಅನುಮಾನ.

ಅಪ್ಪ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚು ಹಾಕುತ್ತಿದ್ದ. ಹಗಲು ಪಕ್ಕದ ರಸ್ತೆಯ ಪ್ರೆಸ್ಸಿನಲ್ಲಿ ಮದುವೆ ಕಾಗದಗಳಿಗೆ ಬೇಕಾದ ಗಣಪತಿ, ಕಳಶ, ಬಳ್ಳಿಯ ಅಂಚು ಕೆತ್ತುವುದು ಸಂಬಳದ ಕೆಲಸ. ಮನೆಯಲ್ಲಿ ಮಾಡುತ್ತಿದ್ದುದು ತನ್ನ ಕೆಲಸ, ಅಂದರೆ ಬೆಟ್ಟಗಳು. ದೇವರಿರುವ ಬೆಟ್ಟ, ಬೆಟ್ಟದ ಮೇಲೆ ನೀರು ನಿಲ್ಲುವ ದೊಣೆ, ಬಂಡೆಯ ಸಂದಿನಲ್ಲಿ ಹುಟ್ಟಿದ ಬಿಲ್ವದ ಮರ, ಮೆಟ್ಟಿಲ ಸಾಲು. ದೇವರ ಮುಖವನ್ನು ಅವನು ಒಮ್ಮೆಯೂ ಕೆತ್ತಲಿಲ್ಲ. ಶಿವನ ಬೆಟ್ಟವಾದರೆ ಆಕಾಶವನ್ನೇ ಮೂರು ಅಡ್ಡ ಪಟ್ಟೆಯಾಗಿ ಬಿಡುತ್ತಿದ್ದ, ವಿಭೂತಿಯ ಹಾಗೆ. ವಿಷ್ಣುವಿನದಾದರೆ ಎರಡು ಗುಡ್ಡಗಳ ನಡುವೆ ಜಲಪಾತ ನಾಮದ ಹಾಗೆ ಇಳಿಯುತ್ತಿತ್ತು. ಇಷ್ಟೇ ಅವನ ದೇವರು. ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬಸವನಗುಡಿಯ ರಸ್ತೆಯಂಚಿಗೆ ಒಂದು ಚಾಪೆ ಹಾಸಿ ಅವನ್ನು ಹರಡಿಕೊಂಡು ಕೂರುತ್ತಿದ್ದೆವು. ಕಡಲೆಕಾಯಿ ಸೇರು ಕೊಂಡವರು ಬಂದು ಬಗ್ಗಿ ನೋಡುತ್ತಿದ್ದರು. ಒಬ್ಬ ಹೆಂಗಸಿನ ಜೊತೆ ಆದ ಮಾತು ನಮ್ಮ ಮನೆಯಲ್ಲಿ ಬಹಳ ಕಾಲ ಗಾದೆಯಂತೆ ಓಡಾಡಿತು.

"ದೇವ್ರೆಲ್ಲಿ ಸ್ವಾಮಿ ಇದ್ರಲ್ಲಿ?"

"ಅದೇ ಕಣಮ್ಮ, ಬೆಟ್ಟ."

"ಬೆಟ್ಟ ನಂಗೂ ಕಾಣ್ತಿದೆ. ದೇವ್ರೆಲ್ಲಿ ಅಂದೆ."

"ಬೆಟ್ಟಾನೇ ದೇವ್ರು."

"ಹಂಗಾದ್ರೆ ಕುಂಕುಮ ಎಲ್ಲಿಗಿಡೋದು?"

ಸಂಜೆ ಚಾಪೆ ಸುತ್ತಿಕೊಂಡು, ಹೋದಷ್ಟೇ ಚಿತ್ರಗಳೊಂದಿಗೆ ಹಿಂತಿರುಗುತ್ತಿದ್ದೆವು. ಆಮೇಲೆ ಮನೆಯಲ್ಲಿ ಉಪ್ಪು ಎಲ್ಲಿ, ಸೌಟು ಎಲ್ಲಿ ಎಂದು ಯಾರು ಕೇಳಿದರೂ ಅಮ್ಮ ಅಪ್ಪನ ಕಡೆ ನೋಡಿ "ಕುಂಕುಮ ಎಲ್ಲಿಗಿಡೋದು ಸ್ವಾಮಿ?" ಎನ್ನುತ್ತಿದ್ದಳು. ಅಪ್ಪ ಮೊದಮೊದಲು ನಗುತ್ತಿದ್ದ.

ಮನೆಯಲ್ಲಿ ಸದಾ ಮಸಿಗೆ ಬೆರೆಸುವ ಅಗಸೆ ಎಣ್ಣೆಯ ವಾಸನೆ. ಹುಳಿಯ ಒಗ್ಗರಣೆಯೂ, ಸಾಂಬ್ರಾಣಿಯೂ ಅದನ್ನು ಮೀರಲಾರದೆ ಸೋಲುತ್ತಿದ್ದವು. ನಡುಮನೆಯಲ್ಲಿ ಅಪ್ಪನ ಮಣೆ, ಮಣೆಯ ಸುತ್ತ ಹಲಸಿನ ಮರದ ಹಳದಿ ಚಕ್ಕೆ. ಆ ಚಕ್ಕೆಗಳು ನಮ್ಮ ತಲೆಯಲ್ಲಿ, ಹಾಸಿಗೆಯಲ್ಲಿ, ಎಷ್ಟೋ ಸಲ ಸಾರಿನಲ್ಲಿ ಸಿಗುತ್ತಿದ್ದವು. ಕೆತ್ತುವುದು ಅಪ್ಪ, ಅಚ್ಚು ತೆಗೆಯುವುದು ಅಮ್ಮ. ಹಲಗೆಗೆ ರೋಲರಿನಲ್ಲಿ ಮಸಿ ಹಚ್ಚಿ, ತೆಳುವಾದ ಕಾಗದ ಹಾಸಿ, ಹಿತ್ತಾಳೆ ಸೌಟಿನ ಬೆನ್ನಿನಿಂದ ಅದನ್ನು ಉಜ್ಜಬೇಕು. ಹೆಚ್ಚು ಒತ್ತಿದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಬೆಟ್ಟದ ನೆತ್ತಿ ಬೋಳಾಗುತ್ತದೆ. ಅಮ್ಮ ಚಪಾತಿ ಲಟ್ಟಿಸುವಷ್ಟೇ ಸಲೀಸಾಗಿ ಉಜ್ಜುತ್ತಿದ್ದಳು, ಉಜ್ಜುತ್ತಲೇ ನನಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಹಿತ್ತಲಿನ ತಂತಿಯಲ್ಲಿ ಅವಳ ಸೀರೆಗಳ ಪಕ್ಕದಲ್ಲೇ ಬೆಟ್ಟಗಳು ಒಣಗುತ್ತಿದ್ದವು.

ಇಂಥ ಮನೆಯಲ್ಲಿ ಮಗು ನೋಡುವುದು ಕಾಗದಕ್ಕಿಂತ ಹಲಗೆಯನ್ನೇ ಹೆಚ್ಚು. ಕಾಗದ ಒಣಗಿದ ಮೇಲೆ ಕಟ್ಟಿಗೆ ಸೇರಿ ಅಟ್ಟಕ್ಕೆ ಹೋಗುತ್ತದೆ, ಹಲಗೆ ನಡುಮನೆಯಲ್ಲಿ ಕಾಲಿಗೆ ತಗುಲುತ್ತಾ ಬಿದ್ದಿರುತ್ತದೆ. ಪ್ರೆಸ್ಸಿನಿಂದ ಅಪ್ಪ ಮನೆಗೆ ತರುತ್ತಿದ್ದ ಹಲಗೆಗಳಲ್ಲಿ 'ಶುಭ ವಿವಾಹ' ತಿರುಗುಮುರುಗಾಗಿ ಇರುತ್ತಿತ್ತು. ನಾನು ಕನ್ನಡ ಓದಲು ಕಲಿತದ್ದು ಹಾಗೆ, ಬಲದಿಂದ ಎಡಕ್ಕೆ. ಶಾಲೆಗೆ ಸೇರಿದ ಮೊದಲಲ್ಲಿ ಸ್ಲೇಟಿನ ಮೇಲೆ ನನ್ನ ಹೆಸರನ್ನು ಹಾಗೇ ಬರೆದಾಗ ಮೇಷ್ಟರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದನ್ನ ಓದ್ಬೇಕಾದ್ರೆ ನಾನು ಗೋಡೆ ಆಚೆ ಹೋಗಿ ನಿಂತ್ಕೋಬೇಕೇನೋ?"

ತರಗತಿ ನಕ್ಕಿತು. ಮನೆಗೆ ಬಂದು ಹೇಳಿದಾಗ ಅಪ್ಪನೂ ನಕ್ಕು, ಸೊನ್ನೆ ಒಂದು ಬರಿ, ಅದು ಯಾವ ಕಡೆಯಿಂದ ನೋಡಿದರೂ ಸರಿಯಾಗೇ ಇರುತ್ತೆ ಎಂದ. ತಿದ್ದಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಪೂರ್ತಿ ತಿದ್ದಿಕೊಂಡೆನೇ ಎಂಬುದು ಗೊತ್ತಿಲ್ಲ. ಇವತ್ತಿಗೂ ಆಟೋದವರಿಗೆ ದಾರಿ ಹೇಳುವಾಗ ಎಡ ಎಂದು ಬಲಗೈ ತೋರಿಸುತ್ತೇನೆ. ಅವರು ಕೈ ಹೇಳಿದ ಕಡೆ ತಿರುಗುತ್ತಾರೆ, ಬಾಯಿಯನ್ನು ನಂಬುವುದಿಲ್ಲ.

ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಹಲಗೆಯ ಮೊದಲ ಪ್ರತಿ ದೇವರಮನೆಗೆ ಹೋಗಬೇಕು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೂ ಮಸಿ ಹಸಿಯಿರುವಾಗಲೇ ಒಳಗೆ ಒಯ್ದು, ದೀಪದ ಹಿಂದೆ ಒರಗಿಸಿ, ಕಾಗದದ ಅಂಚಿಗೆ ಅಕ್ಷತೆ ಹಾಕುತ್ತಿದ್ದಳು. ಅಲ್ಲಿಯವರೆಗೆ ಅದು ಬರೀ ಕಾಗದ. ಅದಾದ ಮೇಲೆ ಉಳಿದ ಪ್ರತಿಗಳನ್ನು ತೆಗೆಯಬಹುದು, ಮಾರಬಹುದು. ಯಾರೂ ಕೊಳ್ಳದ ಬೆಟ್ಟಗಳಿಗೂ ಈ ಮರ್ಯಾದೆ ತಪ್ಪುತ್ತಿರಲಿಲ್ಲ. ಒಂದೇ ಒಂದು ಬೆಟ್ಟಕ್ಕೆ ತಪ್ಪಿತು, ಅದು ಅಮ್ಮನ ತವರಿನ ಬೆಟ್ಟ.

ಅಮ್ಮನ ಊರು ಬೆಂಗಳೂರಿನಿಂದ ಅರ್ಧ ದಿನದ ಬಸ್ ದಾರಿ. ಊರಿನ ಎದುರಿಗೆ ಬೋಳು ಬೆಟ್ಟ, ಅದರ ನೆತ್ತಿಯಲ್ಲಿ ಒಂದು ದೊಡ್ಡ ಬಂಡೆ. ದೂರದಿಂದ ನೋಡಿದರೆ ಕಾಲು ಮಡಿಸಿ ಕೂತ ಬಸವನ ಹಾಗೆ ಕಾಣುತ್ತದೆ. ಯಾರೂ ಕಡೆದದ್ದಲ್ಲ, ಹಾಗೇ ಇದ್ದದ್ದು. ಅದೇ ಅವರ ಮನೆದೇವರು. ಅಪ್ಪ ಒಂದು ಮಳೆಗಾಲವಿಡೀ ಕೂತು ಆ ಬೆಟ್ಟವನ್ನು ಕೆತ್ತಿದ. ಅವನ ಕೆಲಸದ ರೀತಿ ಹೀಗೆ: ಬರೆದುಕೊಂಡು ಬಂದ ಚಿತ್ರವನ್ನೇ ಮಗುಚಿ ಹಲಗೆಗೆ ಅಂಟಿಸುವುದು, ಹಿಂಬದಿಗೆ ಎಣ್ಣೆ ಸವರಿ ಗೆರೆ ಕಾಣುವಂತೆ ಮಾಡುವುದು, ಆ ಗೆರೆಯ ಮೇಲೆಯೇ ಉಳಿ ಓಡಿಸುವುದು. ಮಗುಚಿ ಕೆತ್ತಿದ್ದು ಅಚ್ಚಾಗುವಾಗ ಇನ್ನೊಮ್ಮೆ ಮಗುಚಿ ಸರಿಯಾಗುತ್ತದೆ. ಕೆತ್ತನೆ ಮುಗಿಯುವ ಹೊತ್ತಿಗೆ ಬರೆದ ಚಿತ್ರ ಚೂರುಚೂರಾಗಿ ಚಕ್ಕೆಯ ಜೊತೆ ಕಸಕ್ಕೆ ಹೋಗಿರುತ್ತದೆ. ಮೊದಲು ಏನು ಬರೆದಿದ್ದ ಎಂದು ಆಮೇಲೆ ಯಾರೂ ತೋರಿಸಲಾರರು.

ಮೊದಲ ಪ್ರತಿ ತೆಗೆದ ಬೆಳಿಗ್ಗೆ ನಾವು ಉಪ್ಪಿಟ್ಟು ತಿನ್ನುತ್ತಿದ್ದೆವು. ಅಮ್ಮ ಒಂದು ಮೂಲೆ ಹಿಡಿದು ಬಾಳೆಯ ಸುಳಿ ಬಿಡಿಸುವ ಹಾಗೆ ಮೆಲ್ಲಗೆ ಕಾಗದ ಎತ್ತಿದಳು. ನೋಡಿದಳು. ದೇವರಮನೆಯ ಕಡೆ ಹೆಜ್ಜೆ ಇಡಲಿಲ್ಲ.

"ರೀ, ಬಸವ ತಿರುಗಿದಾನೆ."

"ತಿರುಗ್ದೆ ಇನ್ನೇನು? ಹಲಗೇಲಿ ಹಂಗಿದ್ರೆ ಕಾಗದದಲ್ಲಿ ಹಿಂಗೆ. ಇಷ್ಟು ವರ್ಷ ಮಸಿ ಹಚ್ಚಿದೀಯ, ಇವತ್ತು ಗೊತ್ತಾಯ್ತಾ?"

"ಅದಲ್ಲ ನಾನು ಹೇಳಿದ್ದು. ಹಲಗೇಲಿ ಸರಿಯಾಗೇ ಇದ್ದ. ಕಾಗದಕ್ಕೆ ಬಂದು ಮುಖ ತಿರುಗಿಸ್ಬಿಟ್ಟ. ನಮ್ಮನೆ ಬಾಗಿಲಲ್ಲಿ ನಿಂತ್ರೆ ಅವನ ಮುಖ ಬಲಕ್ಕಿರುತ್ತೆ. ಹುಟ್ಟೋ ಸೂರ್ಯನ್ನ ನೋಡ್ತಾನೆ. ನಿಮ್ಮೋನು ಮುಳುಗೋದನ್ನ ನೋಡ್ಕೊಂಡು ಕೂತಿದಾನೆ."

"ನಾನು ಕಣ್ಣಾರೆ ಕಂಡು ಬರ್ಕೊಂಡಿದ್ದು ಕಣೇ."

"ನಾನು ಹುಟ್ಟಿದಾಗಿಂದ ಕಂಡಿದ್ದು. ನೀವು ಮಗುಚೋದು ಮರ್ತಿದೀರಿ."

ಮಗುಚುವುದು ಮರೆತಿದ್ದೀರಿ ಎಂಬುದು ನಮ್ಮ ಮನೆಯಲ್ಲಿ ಆಡಬಾರದ ಮಾತಾಗಿತ್ತು. ಪ್ರೆಸ್ಸಿಗೆ ಹೊಸದಾಗಿ ಸೇರಿದವರು ಮಾಡುವ ತಪ್ಪು ಅದು. ಅಪ್ಪ ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಬಿಟ್ಟು ಎದ್ದ. ಆ ಪ್ರತಿ ದೇವರಮನೆಗೆ ಹೋಗಲಿಲ್ಲ, ತಂತಿಯಲ್ಲೇ ಒಣಗಿತು. ಅಪ್ಪ ಹಟಕ್ಕೆ ಬಿದ್ದು ಇನ್ನಷ್ಟು ಪ್ರತಿ ತೆಗೆಯಲು ಹೇಳಿದ. ಅಮ್ಮ ತೆಗೆದಳು. ಹಲಗೆಗೆ ಮಸಿ ಹಚ್ಚುವಾಗಲೆಲ್ಲ ಬಲಕ್ಕೆ ನೋಡುವ ಬಸವನ ಮೇಲೆ ಒಂದು ಗಳಿಗೆ ಅವಳ ಕೈ ನಿಲ್ಲುತ್ತಿತ್ತು.

ಇಲ್ಲಿ ನನ್ನೊಳಗಿನ ಇತಿಹಾಸದ ಮೇಷ್ಟ್ರು ಅಡ್ಡ ಬರುತ್ತಾನೆ. ಅಮ್ಮ ತವರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಊರಿಗೆ ಹೋಗುತ್ತಿದ್ದುದೇ ಅಪರೂಪ. ಮೊದಲ ಪ್ರತಿ ಬರುವ ಮುಂಚೆ ಒಂದು ಮಳೆಗಾಲವಿಡೀ ಅವಳು ದಿನಾ ಕಾಫಿ ಕೊಡಲು ಬಂದಾಗ ನೋಡಿದ್ದು ಹಲಗೆಯ ಬಸವನನ್ನು. ಅವಳ ನೆನಪಿನಲ್ಲಿದ್ದದ್ದು ಊರಿನ ಬೆಟ್ಟವೋ, ನಮ್ಮ ನಡುಮನೆಯ ಹಲಗೆಯೋ? ಅಪ್ಪನ ವಿಷಯದಲ್ಲೂ ಅದೇ ಕಷ್ಟ. ಹಗಲೆಲ್ಲ ತಿರುಗುಮುರುಗು ಕೆತ್ತುವವನ ಕೈ ಬೆಟ್ಟದ ಎದುರು ಕೂತಾಗಲೂ ತನಗೆ ತಿಳಿಯದೆ ತಿರುಗಿಸಿಯೇ ಬರೆದಿದ್ದರೆ? ಆಗ ಮಗುಚುವುದನ್ನು ಮರೆಯದೆಯೂ ತಪ್ಪಾಗುತ್ತದೆ. ಇಬ್ಬರೂ ಪ್ರಾಮಾಣಿಕರಾಗಿದ್ದುಕೊಂಡೇ ಇಬ್ಬರೂ ತಪ್ಪಿರಬಹುದು. ಆ ವಯಸ್ಸಿನಲ್ಲಿ ನನಗೆ ಇದನ್ನೆಲ್ಲ ಹೇಳಲು ಬರುತ್ತಿರಲಿಲ್ಲ. ಆದರೆ ಕಣ್ಣಾರೆ ಕಂಡೆ ಎಂಬ ಮಾತನ್ನು ನಾನು ನಂಬದಂತಾದದ್ದು ಆ ಉಪ್ಪಿಟ್ಟಿನ ಬೆಳಿಗ್ಗೆಯಿಂದ.

ಕೆಲವು ಕಾಲದ ನಂತರ, ಅವರೆಕಾಯಿಯ ದಿನಗಳಲ್ಲಿ, ಅಮ್ಮನ ತಮ್ಮ ಶಿವಣ್ಣ ಮಾವ ಊರಿನಿಂದ ಬಂದ. ತಂದ ಚೀಲವನ್ನು ಬಾಗಿಲಲ್ಲೇ ಇಟ್ಟು ಅದರ ಪಕ್ಕ ಕೂತುಬಿಟ್ಟ. ನೀರು ಕೊಟ್ಟರೆ ಕುಡಿಯಲಿಲ್ಲ.

"ಬೆಟ್ಟ ಹೋಯ್ತು ಭಾವ."

"ಹೋಯ್ತು ಅಂದ್ರೆ?" ಅಪ್ಪ ಕೇಳಿದ.

"ಕಲ್ಲಿಗೆ ಕೊಟ್ಬುಟ್ರು. ಒಳ್ಳೆ ಕಲ್ಲಂತೆ, ಹಡಗಲ್ಲಿ ಯಾವ್ದೋ ದೇಸಕ್ಕೆ ಹೋಯ್ತದಂತೆ. ಒಂದ್ ಮಗ್ಗಲಿಂದ ಸಿಡಿಸ್ತಾವ್ರೆ. ಬಸವಣ್ಣನ್ ತಂಕ ಬರ್ದಂಗೆ ಬಿಡ್ತೀವಿ ಅಂತಾರೆ. ಯಾರ್ ನಂಬ್ತಾರೆ?"

"ನಿಮ್ಮೋರೆಲ್ಲ ಏನ್ ಮಾಡ್ತಿದ್ರೋ?" ಅಮ್ಮ ಕೂಗಿದಳು.

"ಏನ್ ಮಾಡಾದು ಅಕ್ಕಯ್ಯ? ಅರ್ಧ ಊರು ಅಲ್ಲೇ ಕೂಲಿಗೆ ಹೋಯ್ತಾ ಅದೆ."

ಮಾವ ಬಂದ ಉದ್ದೇಶ ಬೇರೆಯಿತ್ತು. ಬಂಡೆ ಹೋದರೆ ಪೂಜೆ ಯಾವುದಕ್ಕೆ ಎಂದು ಊರಿನವರು ಕೂತು ಮಾತಾಡಿದ್ದರು. ಬೆಟ್ಟದ ಬುಡದಲ್ಲಿ ಒಂದು ಸಣ್ಣ ಗುಡಿ, ಒಳಗೆ ಬೆಟ್ಟದ ಚಿತ್ರ, ಮನೆಮನೆಗೂ ಒಂದೊಂದು ಪ್ರತಿ. ಬೆಂಗಳೂರಿನ ಅಳಿಯ ಅಂಥದ್ದೇನೋ ಮಾಡಿದ್ದಾನಂತಲ್ಲ ಎಂದು ಯಾರೋ ನೆನಪಿಸಿದ್ದರು.

"ನಿಮ್ ಚಿತ್ರ ಬೇಕಿತ್ತು ಭಾವ."

ಅಪ್ಪ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ, ಮುಖ ತೊಳೆದ. ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು ಎಂದು ನನ್ನ ನೆನಪು. ಸೋಪಿನ ನೊರೆ ಹೋಗಿದ್ದಿರಲೂಬಹುದು. ಅವನ ಚಿತ್ರ ಬೇಕು ಎಂದು ಯಾರಾದರೂ ಮನೆ ಹುಡುಕಿಕೊಂಡು ಬಂದದ್ದು ಅದೇ ಮೊದಲು. ಅದೂ ಪೂಜೆಗೆ, ಒಂದು ಇಡೀ ಊರಿನ ಪೂಜೆಗೆ. ಕುಂಕುಮ ಎಲ್ಲಿಗಿಡೋದು ಎಂದು ಕೇಳುವ ಜನ ಅವರಲ್ಲ, ಬೆಟ್ಟವೇ ದೇವರು ಎಂದು ಅವನಿಗಿಂತ ಮುಂಚೆ ತಿಳಿದವರು. ಅವನು ಅಟ್ಟದ ಏಣಿಗೆ ಕೈ ಹಾಕಿದ.

"ಕೊಡ್ಬೇಡಿ," ಅಮ್ಮ ಹೇಳಿದಳು.

"ಗೌರಿ," ಅಪ್ಪ ಅವಳನ್ನು ತಡೆದ.

"ಬೇರೆ ಹಲಗೆ ಕೆತ್ತಿ, ಸರಿಯಾಗಿ ಕೆತ್ತಿ. ಆಮೇಲೆ ಕೊಡಿ. ಮುಳುಗೋ ಸೂರ್ಯನ್ನ ನೋಡೋ ದೇವರನ್ನ ಮನೆಮನೇಲೂ ಇಡಿಸ್ತೀರಾ? ನೀವು ತಿರುಗಿಸಿದ್ರಿ, ಬೆಟ್ಟ ಹೋಯ್ತು."

ಕೊನೆಯ ಮಾತು ಆಡಿದ ಮೇಲೆ ಅಮ್ಮನೂ ಬೆದರಿದಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ ಅವರೆಕಾಯಿಯ ಚೀಲದ ದಾರ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದ. ಅಪ್ಪ ಏಣಿಯಿಂದ ಕೈ ತೆಗೆಯಲಿಲ್ಲ.

"ನೀನೇ ಹೇಳಪ್ಪ ಶಿವಣ್ಣ. ಬಸವ ಯಾವ ಕಡೆ ನೋಡ್ತಾನೆ?"

ಮಾವ ಬಾಯಿ ತೆರೆದ. ಬಲಗೈ ಎತ್ತಿದ, ಇಳಿಸಿದ, ಎಡಗೈ ಎತ್ತಿದ.

"ಇಷ್ಟ್ ದಿನ ಗೊತ್ತಿತ್ತು ಭಾವ. ಈಗ ನೀವು ಕೇಳಿದ್ಮೇಲೆ ಗೊತ್ತಾಯ್ತಿಲ್ಲ."

ಹೋಗಿ ನೋಡಿಯೇ ಬರೋಣ ಎಂದ ಅಪ್ಪ. ಮರುವಾರ ನಾವೆಲ್ಲ ಹೊರಟೆವು. ಬಸ್ಸಿನಲ್ಲಿ ಅಪ್ಪ ಚಿತ್ರಗಳ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅಮ್ಮ ಕಿಟಕಿಯ ಪಕ್ಕ. ತಮ್ಮ ಮಾತೇ ನಿಜ ಎಂದು ಇಬ್ಬರಿಗೂ ಎಷ್ಟು ಖಾತ್ರಿಯಿತ್ತೆಂದರೆ, ದಾರಿಯಲ್ಲಿ ಚಕ್ಕುಲಿ ಹಂಚಿಕೊಂಡು ತಿಂದರು. ಊರು ಹತ್ತಿರವಾದಾಗ ಅಮ್ಮ ಸರೋಜಳನ್ನು ಎತ್ತಿ ಕಿಟಕಿಗೆ ಹಿಡಿದು, ಈಗ ಕಾಣುತ್ತೆ, ತಿರುವಿನಲ್ಲಿ ಕಾಣುತ್ತೆ ಎನ್ನುತ್ತಿದ್ದಳು. ಬಸ್ಸು ತಿರುಗಿತು. ಬೆಟ್ಟದ ನೆತ್ತಿಯಲ್ಲಿ ಆಕಾಶವಿತ್ತು. ಇಳಿಜಾರಿನಲ್ಲಿ ಬಂಡೆ ಚೌಕ ಚೌಕವಾಗಿ ಸೀಳಿ ಬಿದ್ದಿತ್ತು, ಒಂದೊಂದರ ಅಂಚಿನಲ್ಲೂ ಕೊರೆದ ತೂತುಗಳ ಸಾಲು. ಯಾವ ತುಂಡು ತಲೆ, ಯಾವುದು ಬಾಲ ಎಂದು ಹೇಳುವಂತಿರಲಿಲ್ಲ. ಅಮ್ಮ ಸರೋಜಳನ್ನು ಕೆಳಗಿಳಿಸಲು ಮರೆತು ಹಾಗೇ ಹಿಡಿದುಕೊಂಡಿದ್ದಳು.

ಮಾವನ ಮನೆಯ ಜಗಲಿಯ ಮೇಲೆ ಅಪ್ಪ ಚಿತ್ರ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಜನ ಸೇರಿದರು. ಒಬ್ಬ ಮುದುಕಿ ನೋಡಿದ್ದೇ ಕೈ ಮುಗಿದು "ಇವ್ನೇ ನಮ್ಮಪ್ಪ" ಎಂದು ಅತ್ತಳು. ಅಪ್ಪನ ಮುಖ ಅರಳಿತು. ಅಮ್ಮ ಚಿತ್ರವನ್ನು ಎತ್ತಿ, ಮಗುಚಿ ಬಿಸಿಲಿಗೆ ಹಿಡಿದಳು. ತೆಳು ಕಾಗದದ ಹಿಂಬದಿಯಲ್ಲಿ ಬಸವ ಬಲಕ್ಕೆ ನೋಡಿದ.

"ಈಗ ನೋಡಜ್ಜಿ. ಹೀಗೋ, ಹಾಗೋ?"

ಮುದುಕಿ ಅದಕ್ಕೂ ಕೈ ಮುಗಿದಳು.

ಆಮೇಲೆ ಜಗಳ ಶುರುವಾಯಿತು. ಕೆಲವರು ಬಲಕ್ಕೆ ಎಂದರು, ಕೆಲವರು ಎಡಕ್ಕೆ ಎಂದರು. ಬಲ ಎಂದವರಿಗೆ ನಿಂತ ಜಾಗ ಬದಲಿಸಿದಾಗ ಎಡ ಎನ್ನಿಸಿತು. ಪೂಜಾರಿಯನ್ನು ಕರೆಸಿದರು. ಅವನು ಕೈ ಕೊಡವಿಬಿಟ್ಟ.

"ನನ್ನ ಏನ್ ಕೇಳ್ತೀರಾ? ನಾನು ಹತ್ರ ಹೋಗಿ ಎಣ್ಣೆ ಹಾಕ್ತಿದ್ದೋನು. ಹತ್ರ ಹೋದ್ರೆ ಅದು ಬರೀ ಬಂಡೆ. ಬಸವಣ್ಣ ಆಗೋದು ನೀವು ನಿಂತಿದ್ರಲ್ಲ, ಅಲ್ಲಿಗೆ."

ಆಗ ಯಾರೋ ಹಿಂದಿನಿಂದ ಹೇಳಿದರು, ಇದು ಕೆರೆಯ ಕಡೆಯಿಂದ ಕಾಣುವ ಬಸವ, ಬೆಟ್ಟದ ಆಚೆಯಿಂದ ನೋಡಿದರೆ ಹೀಗೇ ಕಾಣುತ್ತೆ ಎಂದು. ಅಮ್ಮ ಅತ್ತ ತಿರುಗಿದಳು.

"ಕೆರೆ ಕಡೆ ಯಾರು ಹೋಗ್ತಾರೆ? ಅಲ್ಲಿರೋದು ಮಸಣ."

"ನಾನು ಹೋಗಿದ್ದೆ," ಅಪ್ಪ ಹೇಳಿದ. ಅವನ ಧ್ವನಿ ಬಹಳ ಸಣ್ಣದಾಗಿತ್ತು. "ನಿಮ್ಮಪ್ಪನ್ನ ಮಣ್ಣು ಮಾಡಿದ ದಿನ. ಎಲ್ರೂ ಹೊರಟ್ಮೇಲೆ ಅಲ್ಲೇ ಕೂತು ಬರ್ಕೊಂಡೆ."

ಇದನ್ನು ಅವನು ಮೊದಲು ಎಂದೂ ಹೇಳಿರಲಿಲ್ಲ. ಉಪ್ಪಿಟ್ಟಿನ ಬೆಳಿಗ್ಗೆಯೇ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲವಲ್ಲ? ಹೆಣ್ಣು ಕೊಟ್ಟ ಮಾವನ ಗುಂಡಿಯ ಮಣ್ಣು ಹಸಿಯಿರುವಾಗ ಚಿತ್ರ ಬರೆಯುತ್ತ ಕೂತಿದ್ದೆ ಎಂದು ಹೆಂಡತಿಗೆ ಹೇಳಲು ನಾಚಿದನೋ, ಅಥವಾ ಜನರ ನಡುವೆ ಆ ಕ್ಷಣಕ್ಕೆ ಹೊಳೆದ ನೆಪವೋ? ಅವನು ಬದುಕಿದ್ದಾಗ ಕೇಳಲು ಧೈರ್ಯ ಬರಲಿಲ್ಲ. ಅಮ್ಮ ಚಿತ್ರವನ್ನು ಜಗಲಿಯ ಮೇಲೆ ಇಟ್ಟು ಒಳಗೆ ಹೋದಳು. ಮಸಣದಿಂದ ಕಂಡ ದೇವರು ಮನೆಯೊಳಗೆ ಬೇಡ ಎಂದು ಊರಿನವರು ತೀರ್ಮಾನಿಸಿದರು. ಹೀಗೆ ತೀರ್ಮಾನವಾದಾಗ ಎಲ್ಲರಿಗೂ ನಿರಾಳವಾದದ್ದನ್ನು ನಾನು ಕಂಡೆ. ನಾವು ಸಂಜೆಯ ಬಸ್ಸಿಗೆ ಹೊರಟೆವು, ಮತ್ತೆ ಅದೇ ಸುರುಳಿ ಅಪ್ಪನ ತೊಡೆಯ ಮೇಲೆ.

ಮುಂದೆ ಒಮ್ಮೆ ಬಂದಾಗ ಶಿವಣ್ಣ ಮಾವ ಹೇಳಿದ, ಪೇಟೆಯಿಂದ ಬಣ್ಣದ ನಂದಿಯ ಪಟ ತಂದು ಗುಡಿಯಲ್ಲಿಟ್ಟಿದ್ದಾರಂತೆ.

"ಅದು ನೆಟ್ಟಗೆ ನಮ್ಮನ್ನೇ ನೋಡ್ತದೆ ಭಾವ. ಎಡ ಬಲ ಅನ್ನೋ ರಗಳೆಯಿಲ್ಲ."

ಅಪ್ಪ ಹೌದಪ್ಪ, ಒಳ್ಳೆಯದಾಯಿತು ಎಂದ. ಆ ದಿನಗಳಲ್ಲೇ ಯಾವಾಗಲೋ ಬೆಟ್ಟದ ಹಲಗೆ ಬಚ್ಚಲ ಒಲೆಗೆ ಹೋಯಿತು. ಅಪ್ಪ ಅದನ್ನು ಹಂಡೆಯ ಕೆಳಗೆ ತಳ್ಳಿದ್ದನ್ನು, ಬೆಂಕಿ ಬಸವನ ಕೊಂಬಿನಿಂದ ಹತ್ತಿದ್ದನ್ನು ನಾನು ನೋಡಿದ್ದೇನೆ ಎಂದೇ ನಂಬಿದ್ದೆ. ಹಾಕಿದ್ದು ಅಮ್ಮ ಎನ್ನುತ್ತಾಳೆ ಸರೋಜ. ನಾವಿಬ್ಬರೂ ಅಲ್ಲಿರಲೇ ಇಲ್ಲವೇನೋ. ಅಂದು ಎಲ್ಲ ದಿನಗಳ ಹಾಗೇ ನೀರು ಕಾದಿತ್ತು, ಅಮ್ಮ ಇಬ್ಬರ ತಲೆಗೂ ಎರೆದಿದ್ದಳು ಎಂಬುದರಲ್ಲಿ ಮಾತ್ರ ನಮಗೆ ಒಮ್ಮತವಿದೆ. ಅಪ್ಪ ಆಮೇಲೆ ಬೆಟ್ಟ ಕೆತ್ತಲಿಲ್ಲ. ಪ್ರೆಸ್ಸಿನಲ್ಲಿ ಬಳ್ಳಿಯ ಅಂಚು ಕೆತ್ತುತ್ತಾ ಹೋದ, ಮರದ ಹಲಗೆ ಬೇಡವೆನ್ನುವ ಯಂತ್ರಗಳು ಬರುವವರೆಗೆ. ನಂತರ ಮನೆಯಲ್ಲಿ ಕೂತ. ಅಗಸೆ ಎಣ್ಣೆಯ ವಾಸನೆ ಯಾವಾಗ ಹೋಯಿತೆಂದು ಯಾರೂ ಗಮನಿಸಲಿಲ್ಲ.

ಅವನು ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮ ಟ್ರಂಕಿನ ತಳದಿಂದ ಆ ಬೆಟ್ಟದ ಒಂದು ಪ್ರತಿಯನ್ನು ತೆಗೆದಳು. ಅವಳು ಅದನ್ನು ಉಳಿಸಿಕೊಂಡದ್ದು ನಮಗೆ ಗೊತ್ತಿರಲಿಲ್ಲ. ದೇವರಮನೆಯಲ್ಲಿ ಎರಡು ಮೊಳೆ ಹೊಡೆದು ತೂಗುಹಾಕಿದಳು, ಮುಂಬದಿ ಗೋಡೆಗೆ, ಹಿಂಬದಿ ನಮಗೆ. ಮಸುಕಾದ ಬಸವ ಬಲಕ್ಕೆ ನೋಡುತ್ತಿದ್ದ.

"ಅಮ್ಮಾ, ಹಿಂದುಮುಂದಾಗಿದೆ."

"ಗೊತ್ತು."

"ಅಂದ್ರೆ ಅಪ್ಪ ಮಾಡಿದ್ದು ತಪ್ಪು ಅಂತ ತಾನೆ ಈಗಲೂ?"

"ಅವರು ಅಲ್ಲಿಂದ ನೋಡಿದ್ರು. ಈಗ ಅಲ್ಲೇ ಇದಾರೆ. ನಾನಿನ್ನೂ ಇಲ್ಲಿದೀನಲ್ಲ, ಇಲ್ಲಿಂದ ನೋಡ್ತೀನಿ. ನೀನು ಏಳು, ದೀಪ ಹಚ್ಬೇಕು."

ಚಾಮರಾಜಪೇಟೆಯ ಮನೆ ಹೋದ ಮೇಲೆ ಅಮ್ಮ ಮಲ್ಲೇಶ್ವರಂನಲ್ಲಿ ಸರೋಜಳ ಮನೆಯಲ್ಲಿದ್ದಳು, ಚಿತ್ರವೂ ಅಲ್ಲಿಗೇ ಹೋಯಿತು. ದೀಪದ ಎಣ್ಣೆ, ಹೊಗೆ, ಅಮ್ಮನ ಬೆರಳು ವರ್ಷಗಟ್ಟಲೆ ತಾಗಿ ಕಾಗದ ಕಂದು ಬಣ್ಣಕ್ಕೆ ತಿರುಗಿತು, ಎಣ್ಣೆ ಇಳಿದು ಪಾರದರ್ಶಕವಾಯಿತು. ಸುಣ್ಣಬಣ್ಣದವರು ಅದನ್ನು ಇಳಿಸಿ ಮತ್ತೆ ತೂಗುಹಾಕಿದ್ದಾರೆ, ಬಹುಶಃ ಒಂದಕ್ಕಿಂತ ಹೆಚ್ಚು ಸಲ. ಅಷ್ಟರಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಕೊನೆಯ ವರ್ಷಗಳಲ್ಲಿ ಅವಳು ಕೈ ಮುಗಿದದ್ದು ಯಾವ ಕಡೆ ನೋಡುವ ಬಸವನಿಗೋ. ಅಮ್ಮ ಹೋದ ಮೇಲೆ ಚಿತ್ರ ನನಗೆ ಬಂತು. ದೇವರನ್ನು ನಂಬದವನಿಗೇಕೆ ಎಂದು ಸರೋಜ ಕೇಳಲಿಲ್ಲ, ಅವಳ ಮನೆಯಲ್ಲಿ ಅದು ಪುಡಿಪುಡಿಯಾಗಿ ಉದುರುತ್ತಿತ್ತು.

ಕಳೆದ ತಿಂಗಳು ಅದನ್ನು ಚಾಮರಾಜಪೇಟೆಯ ಫ್ರೇಮ್ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವರು ವಯಸ್ಸಾದವರು. ಕಾಗದವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಇದು ಹಿಂಗೇ ಬಿಟ್ರೆ ಉಳಿಯಲ್ಲ ಸಾರ್. ಬಟ್ಟೆಗೆ ಅಂಟಿಸ್ಬೇಕು. ಮುಂದ್ಗಡೆ ಯಾವ್ದು ಹೇಳಿ."

ನಾನು ನೋಡಿದೆ. ಎರಡು ಕಡೆಯೂ ಅಷ್ಟೇ ಕಪ್ಪು. ಬೆರಳಾಡಿಸಿದರೆ ಎರಡು ಕಡೆಯೂ ಅಷ್ಟೇ ಜಿಡ್ಡು. ಎಡಬಲ ಹೇಳುವ ಒಂದಕ್ಷರವನ್ನೂ ಅಪ್ಪ ಅದರಲ್ಲಿ ಕೆತ್ತಿರಲಿಲ್ಲ.

"ಎರಡೂ ಕಡೆ ಗಾಜು ಹಾಕಕ್ಕಾಗಲ್ವಾ?"

"ಎಣ್ಣೆ ಕಾಗದ ಸಾರ್, ಗಾಜೊಳಗೆ ಬೆವರುತ್ತೆ. ಒಂದು ಮಳೆಗಾಲ ತಡೆಯಲ್ಲ. ಒಂದು ಕಡೆ ಹೋಗ್ಲೇಬೇಕು."

ಹೊರಗೆ ಬಂದು ಸರೋಜಳಿಗೆ ಫೋನ್ ಮಾಡಿದೆ.

"ಅಮ್ಮ ಬಸವ ಬಲಕ್ಕೆ ನೋಡ್ಬೇಕು ಅಂತಿದ್ಳಲ್ವಾ?"

"ಎಡಕ್ಕೆ ಕಣೋ ಅಣ್ಣ. ಅಪ್ಪ ಬಲಕ್ಕೆ ಮಾಡಿದ್ದ, ಅದಕ್ಕೇ ತಾನೆ ಅಷ್ಟೆಲ್ಲ ಗಲಾಟೆ ಆಗಿದ್ದು?"

"ನಿಜವಾಗ್ಲೂ ನೆನಪಿದೆಯಾ ನಿಂಗೆ?"

"ನಂಗೆ ನೆನಪಿದೆ. ನಿಂಗೇ ಯಾವತ್ತೂ ತಿರುಗುಮುರುಗು."

ಹಾಗಾದರೆ ಬಲಕ್ಕೆ ನೋಡುವ ಬಸವನನ್ನು ಉಳಿಸಿದರೆ ನಾನು ಅಮ್ಮನನ್ನು ಉಳಿಸಿದಂತೆಯೋ ಅಪ್ಪನನ್ನೋ ಗೊತ್ತಿಲ್ಲ. ಎಡವಾದರೂ ಅದೇ. ಹಲಗೆ ಬೂದಿಯಾಗಿದೆ, ಬಂಡೆ ಯಾವುದೋ ದೇಶದ ಯಾರದೋ ಮನೆಯ ನೆಲವಾಗಿದೆ. ಅವರಿಬ್ಬರ ನಡುವಿನ ಆ ಜಗಳಕ್ಕೆ ಈ ಕಾಗದದ ಹೊರತು ಬೇರೆ ಸಾಕ್ಷಿಯಿಲ್ಲ, ಅದರಲ್ಲೂ ಅರ್ಧ ಇನ್ನು ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಒಳಗೆ ಹೋದೆ. ಅಂಗಡಿಯವರು ಮೈದಾ ಅಂಟು ಕಲಸಿಟ್ಟುಕೊಂಡು ಕಾಯುತ್ತಿದ್ದರು. ನಾನು ಒಂದು ಕಡೆಯನ್ನು ತೋರಿಸಿದೆ. ಅವರು ಕಾಗದವನ್ನು ಮಗುಚಿ, ಇನ್ನೊಂದು ಕಡೆಗೆ ಬ್ರಷ್ಷು ಎಳೆದರು. ಬಿಳಿ ಅಂಟು ಬೆಟ್ಟದ ಮೇಲೆ ಹರಿದು ಬಸವನನ್ನು ಮುಟ್ಟಿದ ಕ್ಷಣ, ಮುಚ್ಚಿಹೋಗುತ್ತಿರುವ ಕಡೆಯೇ ನಿಜವಾದದ್ದು ಎಂದು ನನಗೆ ಯಾವ ಅನುಮಾನವೂ ಇಲ್ಲದೆ ಅನ್ನಿಸಿತು. ಆ ಕಡೆಯನ್ನು ಉಳಿಸಿ ಈ ಕಡೆಗೆ ಹಚ್ಚಿದ್ದರೂ ಹಾಗೇ ಅನ್ನಿಸುತ್ತಿತ್ತು.